ದೋಣಿಯ ಕೆಳಗೆ ಐದು ಮಾರು

ಮಳೆಗಾಳಿಗೆ ಚಿಲೋಯೆ ದ್ವೀಪದ ದೋಣಿಗಳೆಲ್ಲ ದಡ ಹಿಡಿದಿದ್ದ ಸಂಜೆ. ದಕ್ಕೆಯ ಪಕ್ಕದ ರೊಸಾಲ್ಬಾಳ ಅಡುಗೆಮನೆಯಲ್ಲಿ ಸೌದೆ ಒಲೆಯ ಸುತ್ತ ಕೂತು ನಾವು ಆಲೂಗಡ್ಡೆ ರೊಟ್ಟಿ ಮುರಿಯುತ್ತಿದ್ದೆವು. ದೋಣಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಮುದುಕ ಇಪೋಲಿತೊ ಕಷಾಯ ಹೀರುತ್ತಿದ್ದ ಸೋರೆಬುರುಡೆ ಕೆಳಗಿಟ್ಟು ಶುರುಮಾಡಿದ.

"ಸತ್ತೋರು ಕಾಯ್ತಾರೆ ಅಂದ್ರೆ ನಗ್ತೀರೇನ್ರೋ? ನಗಿ... ನಮ್ಮ ಯಜಮಾನ ಬಾಲ್ದೊಮೇರೊನೂ ನಗ್ತಿದ್ದ. ಅವನ ತಮ್ಮ ನಿಕಾನೋರ್ ಚಿಪ್ಪು ಆಯೋಕೆ ಎರಡು ದ್ವೀಪಗಳ ನಡುವಿನ ಕಡಲಕಾಲುವೆಯಲ್ಲಿ ಮುಳುಗಿದವನು ಮೇಲೆ ಬರಲೇ ಇಲ್ಲ, ಹೆಣವೂ ಸಿಗಲಿಲ್ಲ. ಮೇಲೆ ಅವನ ಸೊಂಟದ ಹಗ್ಗ ಹಿಡಿದು ಕೂತಿದ್ದವನು ಅಣ್ಣ ಒಬ್ಬನೇ. 'ಅವನು ಹಗ್ಗ ಜಗ್ಗಲೇ ಇಲ್ಲ' ಅಂದ. ದೋಣಿ ಯಾರದು ಅಂತ ಇಬ್ಬರಿಗೂ ಜಗಳ ಇದ್ದದ್ದು ಊರಿಗೆಲ್ಲ ಗೊತ್ತು... ಯಾರು ನಂಬ್ತಾರೆ? ಆದ್ರೆ ಬಾಯಿಬಿಟ್ಟು ಕೇಳೋರು ಯಾರು?

"ದೋಣಿಯಲ್ಲಿ ಆಳ ತೋರಿಸೋ ಯಂತ್ರ ಇತ್ತು. ಸಣ್ಣ ಮೋಟಾರೊಂದು ತಟ್ಟೆ ತಿರುಗಿಸೋದು. ಸದ್ದು ಕೆಳಗೆ ಹೋಗಿ, ನೆಲಕ್ಕೆ ಬಡಿದು ವಾಪಸ್ ಬರೋ ಹೊತ್ತಿಗೆ ತಟ್ಟೆ ಎಲ್ಲಿಗೆ ತಿರುಗಿರುತ್ತೋ ಅಲ್ಲಿ ಕೆಂಪು ದೀಪ ಮಿನುಗೋದು, ಅದೇ ಆಳ. ಮೋಟಾರು ಕರೆಂಟಿನ ತಾಳ ತಪ್ಪಬಾರದು. ನಿಧಾನ ಆಯ್ತೋ, ಆಳ ಕಮ್ಮಿ ತೋರಿಸುತ್ತೆ. ಒಂದು ದಿನ, ಹಾಡಹಗಲು, ಅದೇ ಕಾಲುವೆ, ನಲವತ್ತು ಮಾರು ಆಳದ ಜಾಗ... ದೀಪ ಐದು ಮಾರಿಗೆ ಬಂದು ನಿಂತುಬಿಡ್ತು!

"ಬಾಲ್ದೊಮೇರೊ ನನ್ನ ಕೊರಳಪಟ್ಟಿ ಹಿಡಿದ. 'ಕರೆಂಟಿಗೆ ಏನೋ ಮಾಡಿದೆ, ಕಳ್ಳ? ನನ್ನ ಹೆದರಿಸು ಅಂತ ಯಾರು ಹೇಳಿಕೊಟ್ರು?'

"'ಕ್ಯಾಬಿನ್ ಗೋಡೆ ಮೇಲಿನ ಗಡಿಯಾರ ನೋಡಣ್ಣ,' ಅಂದೆ. 'ಅದರೊಳಗೂ ಇಂಥದ್ದೇ ಮೋಟಾರು, ಅದೇ ಕರೆಂಟು. ಕರೆಂಟು ಸೋತಿದ್ರೆ ಅದೂ ಹಿಂದೆ ಬೀಳಬೇಕಲ್ಲ?'

"ರೇಡಿಯೋದಲ್ಲಿ ಮಧ್ಯಾಹ್ನ ಹನ್ನೆರಡು ಸಾರೋ ಪೀಪ್ ಬಂತು. ಗಡಿಯಾರ ಕೂದಲೆಳೆಯಷ್ಟೂ ಹಿಂದಿಲ್ಲ.

"'ಹಾಗಾದ್ರೆ ಮೀನಿನ ಹಿಂಡು,' ಅಂದ. ಎಂಜಿನ್ ಪೂರ್ತಿ ಬಿಟ್ಟು ಓಡಿಸಿದ್ವಿ. ಯಾವ ಹಿಂಡು ನಮ್ಮ ದೋಣಿಯ ಹೊಟ್ಟೆಯಡಿಗೇ ಅಂಟಿಕೊಂಡು ಬರುತ್ತೆ, ನೀವೇ ಹೇಳಿ? ದೀಪ ಐದರಲ್ಲೇ... ಆಮೇಲೆ ನಾಲ್ಕು... ಮೂರು. ಎಂಜಿನ್ ನಿಲ್ಲಿಸಿ, ಅವನೇ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿದ. ಇಳೀತು, ಇಳೀತು, ನಲವತ್ತಕ್ಕೇ ನೆಲ ಸಿಕ್ತು. ಮತ್ತೆ ಈ ಮೂರು ಮಾರಲ್ಲಿ ಇರೋದು ಏನು?

"ಆಗ ಅವನ ಕೈಯಲ್ಲಿದ್ದ ಹಗ್ಗ ಅಲ್ಲಾಡ್ತು. ಅಲೆ ಇಲ್ಲ, ಸೆಳೆತ ಇಲ್ಲ... ಮೇಲೆತ್ತಿ ಅಂತ ಮುಳುಗುಗಾರರು ಜಗ್ಗೋ ಹಾಗೇ, ಮೆತ್ತಗೆ, ಮತ್ತೆ ಮತ್ತೆ.

"'ಗೊತ್ತಾಯ್ತು ಕಣೋ ನಿಕಾ, ಅವತ್ತೂ ಗೊತ್ತಾಗಿತ್ತು,' ಅಂತ ಮಗುವಿನ ಹಾಗೆ ಅತ್ತ. ನಾನು ಎಳೀತಾನೆ ಅಂದುಕೊಂಡೆ. ಅವನು ಚಾಕು ತೆಗೆದು ಹಗ್ಗ ಕತ್ತರಿಸಿಬಿಟ್ಟ... ಎರಡನೇ ಸಲ!

"ಮತ್ತೆ ಅವನು ಸಮುದ್ರಕ್ಕೆ ಇಳೀಲಿಲ್ಲ. ಗುಡ್ಡದ ಮೇಲೆ ಕುರಿ ಸಾಕ್ಕೊಂಡು ಇದ್ದು ಸತ್ತ. ಅವನ ಹೆಣದ ಪೆಟ್ಟಿಗೇನ ಆಚೆ ದ್ವೀಪದ ಮಣ್ಣಿಗೆ ಹಾಕೋಕೆ ಇಲ್ಲಿ ಕೂತಿರೋ ಈ ಹುಡುಗರ ದೋಣಿಯಲ್ಲೇ ಒಯ್ದದ್ದು. ಇವರದು ಹೊಸ ಯಂತ್ರ, ಅದರಲ್ಲಿ ಮೋಟಾರೇ ಇಲ್ಲ, ದೂರೋದು ಯಾರನ್ನ? ಹೋಗುವಾಗ ಕಾಲುವೆ ನಡುವೆ ಪರದೆ ಮೇಲೆ, ನೆಲಕ್ಕಿಂತ ಎಷ್ಟೋ ಮೇಲೆ, ಒಂದು ಗೆರೆ ಕಾಣಿಸ್ತು. ಹೂತು ವಾಪಸ್ ಬರುವಾಗ... ಎರಡು. ನನ್ನ ಕೈಯಾರೆ ಮಣ್ಣು ಹಾಕಿ ಬಂದಿದ್ದೆ ಕಣ್ರೋ!

"ನಿನ್ನೆ ದಾಟುವಾಗಲೂ ನೋಡಿದೆ. ಈಗ ಎರಡೂ ಒಂದು ಮಾರಿಗೆ ಬಂದಿವೆ."