ಎಡಗಾಲಿಗೆ ಹೆಗಲು

ಆಲದ ಮರದ ಹತ್ತಿರ ಬರೋ ಹೊತ್ತಿಗೆ ರಾತ್ರಿ ಬಹಳವಾಗಿತ್ತು. ಯಾ-ಹುಯಿ ಕೊನೇ ಬಸ್ಸಿಳಿದು ಒಬ್ಬಳೇ ನಡೆದು ಬರ್ತಿದ್ದಳು. ಅವಳು ನಮ್ಮ ದೊಡ್ಡಪ್ಪನ ಮಗಳು... ವಿಮಾನ ಓಡಿಸೋಳು. ಮೈಮೇಲೆ ಇನ್ನೂ ಕೆಲಸದ ಬಿಳಿ ಅಂಗಿ. ನಮ್ಮ ಪಂಚಾಂಗದ ಏಳನೇ ತಿಂಗಳು ಅದು, ಸತ್ತವರು ತಿರುಗಾಡೋ ತಿಂಗಳು. ಆಗ ಅವರನ್ನ ದೆವ್ವ ಅಂತ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಅನ್ನಲ್ಲ. ‘ಅಣ್ಣಂದಿರು’ ಅಂತೀವಿ. ಮರದ ಬುಡದಲ್ಲಿ ಯಾರೋ ಹಚ್ಚಿಟ್ಟ ಊದುಬತ್ತಿ ಇನ್ನೂ ಕೆಂಡವಾಗಿತ್ತು.

ದೊಡ್ಡಪ್ಪ ಟಾರ್ಚು ಹಿಡಿದು ಎದುರಿಗೆ ಬಂದರು. ಮೊದಲು ಬೆಳಕು ಬಿಟ್ಟದ್ದು ಮಗಳ ಮುಖಕ್ಕಲ್ಲ, ಅವಳ ಬೆನ್ನ ಹಿಂದಕ್ಕೆ.

“ಒಬ್ಬಳೇನಾ?” ಅಂತ ಪಿಸುಗುಟ್ಟಿದರು.

“ಗೊತ್ತಿಲ್ಲಪ್ಪಾ...”

ದೊಡ್ಡಪ್ಪ ಅವಳನ್ನ ಮುಂದೆ ಬಿಟ್ಟುಕೊಂಡು ನಡೆದರು. ಮನೆಗೆ ಬಂದು, ಬಾಗಿಲು ಹಾಕಿ, ಒಂದು ಬಟ್ಟಲು ಬಿಸಿ ಗಂಜಿ ಕುಡಿದ ಮೇಲೆ ಅವಳೇ ಹೇಳಿದಳು.

ಅವಳು ಕೆಲಸಕ್ಕಿದ್ದದ್ದು ಜ್ವಾಂಗ್ ಅನ್ನೋ ಶ್ರೀಮಂತನ ಸ್ವಂತ ಜೆಟ್ಟಿನಲ್ಲಿ. ನಲ್ಲಿ ಮಾಡಿ ಮಾರಿ ದೊಡ್ಡವನಾದ ಆಸಾಮಿ. ದೊಡ್ಡವನಾದ ಅಂದರೆ ಹೊಟ್ಟೆ ದೊಡ್ಡದಾಯಿತು, ಅಷ್ಟೇ. ವಿಮಾನ ಓಡಿಸೋರನ್ನ ಡ್ರೈವರ್ ಅಂತಲೇ ಕರೀತಿದ್ದ. ಅದಕ್ಕೂ ಹಲ್ಲು ಕಿರಿಯೋನು ಕ್ಯಾಪ್ಟನ್ ಟಾಂಗ್. ಯಜಮಾನನ ಮುಂದೆ ಬಾಲ ಅಲ್ಲಾಡಿಸಿ, ಆ ಬಾಲವನ್ನೇ ಚಾಟಿ ಮಾಡಿ ಪಕ್ಕದಲ್ಲಿ ಕೂತವಳ ಮೇಲೆ ಬೀಸೋ ಪೈಕಿ. ಯಾ-ಹುಯಿಗೆ ಅವನು ನಂಬಿ ಕೊಡ್ತಿದ್ದ ದೊಡ್ಡ ಕೆಲಸ ಅಂದರೆ ಕಾಫಿ ತರೋದು.

ಅವತ್ತು ನಗೋಯಾದಿಂದ ನಮ್ಮ ತೈಚುಂಗಿಗೆ ವಾಪಸ್. ಈ ಮೂರೇ ಜನ. ಹೊತ್ತು ಮುಳುಗ್ತಿತ್ತು. ಊರು ಕಾಣಿಸಿದ ಮೇಲೆ ಯಾ-ಹುಯಿ ಚಕ್ರ ಇಳಿಸೋ ಹಿಡಿ ಕೆಳಗೊತ್ತಿದಳು. ಘರ್ರ್... ಧಡ್. ಮೂಗಿನ ಚಕ್ರಕ್ಕೆ ಹಸಿರು ದೀಪ. ಬಲ ರೆಕ್ಕೆಯಡಿಯ ಚಕ್ರದ ಕಾಲಿಗೆ ಹಸಿರು. ಎಡಗಾಲಿಗೆ... ಕೆಂಪು. ಹಿಂದೆಯೇ ಕಿವಿ ಕೊರೆಯೋ ಕೂಗು. ಪೀಂ... ಪೀಂ... ಪೀಂ...

“ಸೆನ್ಸರ್ ಕೆಟ್ಟಿರತ್ತೆ,” ಅಂದ ಟಾಂಗ್. “ನೀನು ಬಾಯಿ ಮುಚ್ಕೊಂಡು ಕೂತ್ಕೊ.”

ಕಾಲು ಇಳಿದೂ ಬೀಗ ಬೀಳದಿದ್ದರೆ, ನೆಲ ಮುಟ್ಟಿದೊಡನೆ ಮಡಚಿಕೊಳ್ಳತ್ತೆ. ರೆಕ್ಕೆ ನೆಲಕ್ಕುಜ್ಜತ್ತೆ. ಆಮೇಲೆ ಬೆಂಕಿ. ಇಳಿಯೋದು ಬಿಟ್ಟು ಮತ್ತೆ ಮೇಲೇಳಲೇಬೇಕು ಅಂತ ಅವಳು ಪಟ್ಟು ಹಿಡಿದಳು. ಟಾಂಗ್ ಗೊಣಗುತ್ತಾ ವಿಮಾನ ಎತ್ತಿದ. ಸಮುದ್ರದ ಮೇಲೆ ಸುತ್ತು ಹಾಕ್ತಾ ಚಕ್ರ ಎತ್ತಿ ಮತ್ತೆ ಇಳಿಸಿ ನೋಡಿದರು. ಕೆಂಪು. ಕೊನೆಗೆ ತುರ್ತಿನ ಹಿಡಿ ಎಳೆದಳು. ಅದನ್ನೆಳೆದರೆ ಕಾಲು ತನ್ನ ಭಾರಕ್ಕೇ ಜೋತುಬಿದ್ದು ಬೀಗ ಹಾಕಿಕೊಳ್ಳಬೇಕು. ಧಡ್...

ಕೆಂಪೇ.

ಅಷ್ಟರಲ್ಲಿ ಜ್ವಾಂಗ್ ಹಿಂದಿನಿಂದ ಬಂದು ತಲೆ ತೂರಿಸಿದ. ಊಟಕ್ಕೆ ಯಾರೋ ದೊಡ್ಡ ಮನುಷ್ಯರು ಕಾಯ್ತಿದ್ದರಂತೆ.

“ಏನ್ ಡ್ರೈವರ್, ಸಮುದ್ರ ತೋರಿಸ್ತಿದೀಯ ನಂಗೆ?”

ಇಗೋ ಇಳಿಸಿಬಿಟ್ಟೆ ಯಜಮಾನ್ರೆ ಅಂದ ಟಾಂಗ್. ಬೆಂಕಿ ಆರಿಸೋ ಗಾಡಿ ಗೀಡಿ ಕರೆಸಿ ನನ್ನ ಹೆಸರು ಪೇಪರಿಗೆ ಹತ್ತಿಸಿದ್ರೆ ನೋಡು ಅಂತ ಗದರಿ ಜ್ವಾಂಗ್ ಹೋಗಿ ಕೂತ. ಟಾಂಗ್ ತಲೆಯಾಡಿಸಿದ. ಉರಿದು ಬೂದಿಯಾದರೂ ಸೈ, ಯಜಮಾನರ ಮುಖಕ್ಕೆ ಮಸಿ ಹತ್ತಬಾರದು... ಅಂಥ ಗಂಡಸು.

ಯಾ-ಹುಯಿ ಅವನನ್ನ ಕೇಳಲಿಲ್ಲ. ಮೈಕಿನ ಗುಂಡಿ ಒತ್ತಿ, ಎಡಗಾಲಿಗೆ ಬೀಗ ಬಿದ್ದಿಲ್ಲ, ಬೆಂಕಿ ಆರಿಸೋ ಗಾಡಿಗಳನ್ನ ಸಿದ್ಧವಾಗಿಡಿ ಅಂತ ವಿಮಾನ ನಿಲ್ದಾಣದ ಟವರಿಗೆ ಹೇಳಿಬಿಟ್ಟಳು.

“ನಾಳೆಯಿಂದ ನಿಂಗೆ ಕೆಲಸ ಇಲ್ಲ,” ಅಂದ ಟಾಂಗ್.

“ನಾಳೆ ಅಂತ ಇದ್ರೆ ತಾನೆ ಸರ್.”

ಒಂದು ಸಲ ತಗ್ಗಿನಲ್ಲಿ ಹಾದುಹೋಗಿ, ನಾವು ಕೆಳಗಿಂದ ದುರ್ಬೀನು ಹಾಕಿ ನೋಡ್ತೀವಿ ಅಂತ ಟವರಿನವನು ಹೇಳಿದ. ಹಾದರು. ರೇಡಿಯೋದಲ್ಲಿ ಬರೀ ಖರ್ರ್...

“ಮೂರೂ ಕಾಲು ಇಳಿದಿವೆ.” ಸ್ವಲ್ಪ ಹೊತ್ತು ಮತ್ತೆ ಖರ್ರ್... “ನೀವು ಎಷ್ಟು ಜನ ಇದೀರಿ?”

“ಮೂವರು,” ಅಂದಳು ಯಾ-ಹುಯಿ.

“ಮೂವರೂ ಒಳಗೇ ಇದೀರಾ?”

“ಹೌದು.”

ಅವನ ದನಿ ಇಳಿಯಿತು. “ಮತ್ತೆ... ಎಡಗಾಲಿಗೆ ಹೆಗಲು ಕೊಟ್ಕೊಂಡು ಕೂತಿರೋನು ಯಾರು?”

ಟವರಿನೋನು ಕುಡಿದಿದಾನೆ ಅಂತ ಟಾಂಗ್ ನಕ್ಕ. ನಗು ಬಾಯಲ್ಲೇ ಇತ್ತು... ಕಾಲಡಿಯಿಂದ ಸದ್ದು ಬಂತು. ಟಕ್. ಟಕ್. ಟಕ್. ಬೆರಳಗೆಣ್ಣಿನಿಂದ ಬಾಗಿಲು ಬಡಿಯೋ ಹಾಗೆ. ಎಷ್ಟು ಹೊತ್ತು ಕಾಯಿಸ್ತೀರಿ ಅನ್ನೋ ಹಾಗೆ.

ಟಾಂಗ್ ಚುಕ್ಕಾಣಿಯಿಂದ ಕೈ ತೆಗೆದುಬಿಟ್ಟ. ನಾನು ಇಳಿಸ್ತೀನಿ ಅಂದಳು ಅವಳು. ಮಹಾಶಯ ಬೇಡ ಅನ್ನಲಿಲ್ಲ.

ಬಲಗಾಲನ್ನ ಮೊದಲು ಮುಟ್ಟಿಸಿದಳು. ಎಡ ರೆಕ್ಕೆಯನ್ನ ಆದಷ್ಟು ಹೊತ್ತು ಮೇಲೇ ಹಿಡಿದಳು. ವೇಗ ಇಳಿಯಿತು... ಇನ್ನು ಹಿಡಿಯೋಕಾಗಲಿಲ್ಲ. ಎಡಗಾಲು ನೆಲಕ್ಕೆ ಬಂತು. ಅವಳು ಹಲ್ಲು ಕಚ್ಚಿ ಕಾದಳು. ಗರ... ಗರ... ಗರ... ಕೆಂಪು ದೀಪ ಉರೀತಲೇ ಇತ್ತು. ಕಾಲು ಮಡಚಿಕೊಳ್ಳಲಿಲ್ಲ. ವಿಮಾನ ನಿಂತಿತು.

ಮೊದಲು ಹಾರಿ ಓಡಿದ್ದು ಜ್ವಾಂಗ್. ಅವನ ಹಿಂದೆ, ನಾನಿದ್ದೆನಲ್ಲ ಯಜಮಾನ್ರೆ, ನಾನಿದ್ದೆನಲ್ಲ ಅಂತ ಟಾಂಗ್. ಯಾ-ಹುಯಿ ಕೊನೆಗೆ ಇಳಿದಳು. ಎಡ ರೆಕ್ಕೆಯ ಹತ್ತಿರ ಬಂದು ನಿಂತಳು. ಯಾರೂ ಕಾಣಲಿಲ್ಲ. ಉಸಿರು ಮಾತ್ರ ಕೇಳ್ತಿತ್ತು. ಹೆಹ್... ಹೆಹ್... ಭತ್ತದ ಮೂಟೆ ಹೊತ್ತು ಏರು ಹತ್ತಿದವನ ಉಸಿರು.

ಅವಳು ಬಗ್ಗಿ ಮೆಲ್ಲಗೆ ಹೇಳಿದಳು. “ಸಾಕಣ್ಣ. ಎಲ್ಲಾರೂ ಇಳಿದ್ವಿ. ಇನ್ನು ಇಳಿಸಿಬಿಡು.”

ಉಸಿರು ನಿಂತಿತು. ಎಡಗಾಲು ನಿಧಾನಕ್ಕೆ ಮಡಚಿಕೊಂಡಿತು. ಅಷ್ಟು ಭಾರದ ರೆಕ್ಕೆ ಧೊಪ್ಪಂತ ಬೀಳಬೇಕಿತ್ತು. ಮಲಗಿದ ಮಗುವನ್ನ ಹಾಸಿಗೆಗೆ ಇಳಿಸಿದ ಹಾಗೆ ನೆಲಕ್ಕೆ ಬಂತು. ಬೆಂಕಿ ಆರಿಸೋರು ಪೈಪು ಹಿಡಿದುಕೊಂಡು ನೋಡ್ತಾ ನಿಂತಿದ್ದರು.

ಮಾರನೇ ದಿನದಿಂದ ಅವಳಿಗೆ ಕೆಲಸ ಇರಲಿಲ್ಲ. ತಾನೇ ಇಳಿಸಿದೆ ಅಂತ ಟಾಂಗ್ ಊರೆಲ್ಲ ಹೇಳಿಕೊಂಡು ತಿರುಗಿದ. ಒಳ್ಳೇ ಯಂತ್ರ ಕೊಂಡಿದ್ದೆ, ಅದಕ್ಕೇ ಉಳಿದ್ವಿ ಅಂದ ಜ್ವಾಂಗ್. ಬೇಕಾದರೆ ನೀವೂ ಅವರನ್ನೇ ನಂಬಿ. ಆದರೆ ಆ ವಿಮಾನ ಎತ್ತಿ ನಿಲ್ಲಿಸಿದ ಮೆಕ್ಯಾನಿಕ್ ಶಿಯೆ ನಮ್ಮ ಬೀದಿಯವನೇ, ಕುಡುಕನಲ್ಲ, ಸುಳ್ಳುಗಾರನಲ್ಲ. ಬೀಗ ಬಿದ್ದೇ ಇರಲಿಲ್ಲ ಅಂತ ಅವನೇ ಹೇಳಿದ್ದು. ಎಡಗಾಲು ಒಳಗೆ ಮಡಚಿಕೊಳ್ಳೋ ಗೂಡಿನಲ್ಲಿ ತಲೆ ಹಾಕಿ, ದೀಪ ಮೇಲಕ್ಕೆ ಹಿಡಿದನಂತೆ. ಗೂಡಿನ ಚಾವಣಿ. ಅದರ ಮೇಲೇ ಜ್ವಾಂಗನ ಮೆತ್ತನೆ ಸೀಟು. ಆ ಮೂವರಲ್ಲಿ ಒಬ್ಬರೂ ಅಡಿಕೆ ಅಗಿಯೋರಲ್ಲ.

ಚಾವಣಿಗೆ ಯಾರೋ ಕ್ಯಾಕರಿಸಿ ಉಗಿದಿದ್ದರು. ಕೆಂಪಗೆ. ಶಿಯೆ ಬೆರಳಿಟ್ಟು ನೋಡಿದ... ಇನ್ನೂ ಬೆಚ್ಚಗಿತ್ತು.