ಮಾಸ್ತರರು ಕೂಗಿದ ಹಾಜರಿ

ಶಹಾಬಾದ್ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲೇ ಕುಳಿತ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಉಮಾದೇವಿಯ ಕಿವಿಗೆ ಬೀಳುತ್ತಿತ್ತು. ಒಬ್ಬಳ ಕೊರಳಲ್ಲಿ ಹೆಡ್‌ಫೋನ್ ನೇತಾಡುತ್ತಿತ್ತು.

“ನಾಳಿ ಹೆಡ್‌ಮಾಸ್ತರರ ಸತ್ಕಾರದಾಗ ಅವರ ನೆನಪಿನ ರೆಕಾರ್ಡಿಂಗ್ ಹಚ್ಚೋದು ಖರೇ ಏನು, ಶೈಸ್ತಾ?”

“ಖರೇ, ಗುರುದೇವಿ. ಎರಡು ತಾಸು ಮಾತಾಡ್ಯಾರ. ಕಟ್ ಮಾಡಿ ಹತ್ತು ನಿಮಿಷ ಇಟ್ಟೀನಿ.”

“ಏನೇನು ಇಟ್ಟಿ?”

“ಮೊದಲ, ‘ಎಲ್ಲಾ ಮಕ್ಕಳನ್ನ ಒಂದೇ ಸಮ ನೋಡೀನಿ’ ಅಂದದ್ದು. ಆಮ್ಯಾಲ, ‘ನಮ್ಮ ಕ್ಲಾಸಿನ ಹಾಜರಿ ನೆನಪದ ಏನ್ರಿ, ಸರ್?’ ಅಂತ ಕೇಳಿದೆ. ಭಾಳ ಖುಷಿಯಿಂದ ಕೂಗಿದ್ರು. ಗೌಡರ ಮಕ್ಕಳಿಗೆ, ಸಾವಕಾರರ ಮಕ್ಕಳಿಗೆ ಹೆಸರು ಹಿಡಿದು.”

“ನಮ್ಮಂಥ ಕಲ್ಲಿನ ಖಣಿ ಕೆಲಸದವರ ಮಕ್ಕಳಿಗೆ?”

“ಆಗ ಕರೀತಿದ್ದಂಗೇ. ಕುಂಟ, ಕರಿಕಲ್ಲು. ನಾ ಹರಕಂಗಿ.”

“ನಾ?”

“ಧೂಳಿ.”

ಉಮಾದೇವಿ ಮೊಬೈಲ್ ನೋಡುವವಳಂತೆ ತಲೆ ತಗ್ಗಿಸಿದಳು.

“ಮೂವತ್ತು ವರ್ಷ ಆದ್ರೂ ಮುದುಕಗ ನನ್ನ ಹೆಸರು ಗೊತ್ತಿಲ್ಲ!”

“‘ಹಾಜರಿ ಮಾತ್ರ ಕಟ್ ಮಾಡಬ್ಯಾಡ, ನನ್ನ ನೆನಪಿನ ಶಕ್ತಿ ಮಂದಿಗೆ ಗೊತ್ತಾಗ್ಲಿ’ ಅಂತ ಅವರೇ ಹೇಳ್ಯಾರ. ಒಂದಕ್ಷರ ಕಟ್ ಮಾಡಿಲ್ಲ. ಒಬ್ಬೊಬ್ಬರನ್ನ ಕೂಗಿದ ಮ್ಯಾಲ ಎರಡು ಸೆಕೆಂಡ್ ಖಾಲಿ ಜಾಗ ಬಿಟ್ಟೀನಿ.”

“ಅದ್ಯಾಕ?”

“ಮುಂದಿನ ಸಾಲಿನ್ಯಾಗ ನಾವು ಹನ್ನೊಂದು ಮಂದಿ ಖಣಿಯವರೇ ಕುಂದ್ರೋದು. ಕೂಗಿದಾಗ ಒಬ್ಬೊಬ್ಬರು ಎದ್ದು ನಿಂತು ಜವಾಬು ಕೊಡಬೇಕು. ಮಾಸ್ತರರ ಮೊಮ್ಮಕ್ಕಳು ಕಣ್ಣಾರೆ ನೋಡ್ಲಿ.”

ವಾಡಿ ಬಸ್ಸು ಬಂತು. ಗುರುದೇವಿ ಚೀಲ ಎತ್ತಿಕೊಂಡು ಮೆಟ್ಟಿಲೇರಿದಳು. ಬಾಗಿಲಲ್ಲೇ ನಿಂತು, ಬೆನ್ನು ನೆಟ್ಟಗೆ ಮಾಡಿ, ಇಡೀ ನಿಲ್ದಾಣ ತಿರುಗಿ ನೋಡುವಂತೆ ಕೂಗಿದಳು:

“ಧೂಳಿ ಹಾಜರ್, ಸರ್!”