ರಾವಸಾಹೇಬ ಫೌಜದಾರನ ಬೆಳ್ಳಿ ಬಿಲ್ಲೆ

ನಗಾವ್ರು ಈಗ ನಕ್ಕು ಬಿಡ್ರಿ. ಆಮ್ಯಾಲ ನಗಾಕ ಬಾಯಿ ಬರೂದಿಲ್ಲ. ನಮ್ಮ ಸೋದರಮಾವ ಸಾತಪ್ಪ ಮೂಡಲಗಿ ಠಾಣೇದಾಗ ಪೊಲೀಸ ಇದ್ದ. ಇದು ಅವನ ಕಣ್ಣಮುಂದ ಆದದ್ದು.

ಇಂಗ್ರೇಜರ ಕಾಲ. ಅವತ್ತ ಮುಂಜಾನಿ ಬೆಳಗಾಂವದಾಗ ದೊಡ್ಡ ಸಾಹೇಬ ನಮ್ಮ ಮಾವನ ಠಾಣೇದ ರಾವಸಾಹೇಬ ಫೌಜದಾರನ ಎದಿಗೆ ಬೆಳ್ಳಿ ಬಿಲ್ಲೆ ಚುಚ್ಚಿದ್ದ. ಶೌರ್ಯದ ಬಿಲ್ಲೆ! ಗೋಕಾಕ ದಾಟಿ ಹೊಳ್ಳಿ ಬರೂ ಮುಂದ ನಾಗನೂರ ಸನೇಕ ಮೋಟಾರು ಕೆಟ್ಟು ನಿಂತಿತು. ಅಮಾಸಿ ಕತ್ತಲಿ. ಕಂದೀಲ ಹಿಡಕೊಂಡು ಮಾವ ಮುಂದ, ಫೌಜದಾರ ಹಿಂದ. ನಡದರು. ಬಿಲ್ಲೆ ಕೋಟಿನ ಗುಂಡಿಗೆ ಬಡದು ಟಿಣ್... ಟಿಣ್... ಅಂತಿತ್ತು.

ಶೌರ್ಯ ಅಂದ್ನೆಲ್ಲಾ, ಅದರ ಹಣೇಬರಾ ಕೇಳ್ರಿ. ನಾಗನೂರಾಗ ಅಲ್ಲಪ್ಪ ಅಂತ ಕುರಿ ಕಾಯಾಂವ ಇದ್ದ. ದರೋಡಿ ಮಾಡ್ಯಾನ ಅಂತ ಅವನ ಮ್ಯಾಲ ಸುಳ್ಳು ಹೊರಿಸಿದ್ರು. ಅಂಜಿ ಕಬ್ಬಿನಾಗ ಹೊಕ್ಕು ಕುಂತ. ಹುಕ್ಕೇರಿ ಕಡಿಯಾಂವ ಈ ಫೌಜದಾರ, ಶಾಣ್ಯಾ. ಬೀರಪ್ಪ ದೇವರ ಅರಿಷಿಣ ಭಂಡಾರ ಅಂಗೈಯಾಗ ಹಿಡದು ಒದರಿದ.

"ಅಲ್ಲಪ್ಪಾ, ಭಂಡಾರ ಮುಟ್ಟಿ ಆಣಿ ಮಾಡತೇನಿ. ನಿನಗ ಕೈ ಹಚ್ಚೂದಿಲ್ಲ. ಹೊರಗ ಬಾ."

ನಮ್ಮ ಮಂದಿ ಹೆತ್ತ ತಾಯಿ ಮಾತಿಗಿಂತ ಭಂಡಾರದ ಆಣಿ ಹೆಚ್ಚು ನಂಬತಾರ. ಅಂವ ಬರಿಗೈಲೆ ಬಂದ. ಹಣಿಗೆ ಭಂಡಾರ ಹಚ್ಚಿಸಿಕೊಳ್ಳಾಕ ತಲಿ ಬಗ್ಗಿಸಿದ... ಆ ಬಗ್ಗಿಸಿದ ತಲಿಗೇ ಗುಂಡು ಹಾಕಿದ, ಭಾಡ್ಯಾ!

'ಕೊಡ್ಲಿ ಹಿಡದು ಮೈಮ್ಯಾಲ ಬಂದಿದ್ದ' ಅಂತ ಪಂಚನಾಮೆ ಬರಸಿದ. ಸಾಕ್ಷಿ ಸಹಿ ಯಾರದು? ನಮ್ಮ ಮಾವಂದು. ಪಗಾರ ಹೋಗತೈತಿ ಅಂತ ಅಂಜಿದ. ಮಾವ ಆದ್ರೇನಾತು, ತಪ್ಪು ತಪ್ಪ. ಅಲ್ಲಪ್ಪನ ತಾಯಿ ಯಮನವ್ವ ಬಾಗಲಾಗ ಬಂದು ಕುಂತು ಕೇಳಿದ್ಲು.

"ಸಾತಪ್ಪಾ, ನನ್ನ ಮಗನ ಕೈಯಾಗ ಕೊಡ್ಲಿ ಇತ್ತೇನೋ? ಸತ್ತ ಮ್ಯಾಲೂ ಅವಗ ಕಳ್ಳ ಅಂತಾರ. ಒಮ್ಮೆ ಖರೆ ಹೇಳೋ."

ಮಾವ ಕದಾ ಹಾಕಿಕೊಂಡ.

ಹೂಂ... ಮೋಟಾರು ಕೆಟ್ಟ ಆ ರಾತ್ರಿ ಇಬ್ಬರೂ ಎತ್ತಿಲೆ ನೀರು ಸೇದೂ ಮೊಟ್ಟಿ ಬಾವಿ ಬಾಜೂಕ ಬಂದ್ರು. ಬಾವಿ ಮ್ಯಾಲಿನ ಗಾಲಿ ತಿರಗಾಕತ್ತಿತು. ಕಿರ್ರ್... ಕಿರ್ರ್... ಎತ್ತಿಲ್ಲ, ಮನಷ್ಯಾ ಇಲ್ಲ. ಧಸಲ್ ಅಂತ ನೀರು ಬಿತ್ತು. ಆಮ್ಯಾಲ ಮಾವನ ಕಿವಿ ಹಂತೇಕ ಪಿಸುಮಾತು.

"ಸಾತಪ್ಪ ಕಾಕಾ... ನನ್ನ ಕೈಯಾಗ ಏನಿತ್ತು?"

ಫೌಜದಾರಗೂ ಕೇಳಿಸಿತು. ಪಿಸ್ತೂಲ ತಗದು ಮಾವನ ಬೆನ್ನಿಗೆ ಹಚ್ಚಿದ.

"ಬಾಯಿ ಬಿಟ್ಟಿ ಅಂದ್ರ ನಿನ್ನೂ ಸುಡತೇನಿ, ಸಾತ್ಯಾ!"

"ಕಾಕಾ... ಏನಿತ್ತು?"

ಮುಂದ ದೆವ್ವ, ಹಿಂದ ಪಿಸ್ತೂಲ. ಮಾವ ಕಣ್ಣ ಮುಚ್ಚಿ ಒದರಿಬಿಟ್ಟ. "ಏನೂ ಇದ್ದಿಲ್ಲೋ ಯಪ್ಪಾ! ಬರಿಗೈ! ಬರಿಗೈ ಇತ್ತು!"

ಪಿಸ್ತೂಲ ಟಿಕ್ ಅಂತು. ಗುಂಡು ಹಾರಲಿಲ್ಲ.

"ಸಾಹೇಬರ... ಈಗ ನೀವು ಬಗ್ಗ್ರಿ. ಭಂಡಾರ ಹಚ್ಚತೇನಿ."

ಯವ್ವಾ! ಫೌಜದಾರನ ತಲಿ ಮೆಲ್ಲಕ ಬಗ್ಗಾಕತ್ತಿತು. ಯಾರೋ ಮ್ಯಾಲಿಂದ ಒತ್ತಿದಾಂಗ. ಕುತ್ತಿಗಿ ಎಲವು ಕಟ್... ಕಟ್... ಅಂದುವು. "ತಪ್ಪಾತೋ, ಬಿಡೋ" ಅಂದ. ಬಿಡಲಿಲ್ಲ. ಯಾಕ ಬಿಡಬೇಕು? ಎದಿಮ್ಯಾಗಿನ ಬಿಲ್ಲೆಗೆ ಹಣಿ ಹತ್ತೂ ತನಕ ಬಗ್ಗಿಸಿತು. ಅಲ್ಲೇ ಮಣಕಾಲೂರಿ ಕುಂತ. ಏಳಲಿಲ್ಲ.

ಮಾವ ಠಾಣೇಕ ಓಡಲಿಲ್ಲ. ನಸಿಕಿನ್ಯಾಗ ಯಮನವ್ವನ ಗುಡಸಲಕ ಹೋಗಿ ಅಕಿ ಕಾಲ ಹಿಡದ.

"ಯವ್ವಾ, ನಿನ್ನ ಮಗನ ಕೈಯಾಗ ಕೊಡ್ಲಿ ಇದ್ದಿಲ್ಲ. ನೌಕರಿ ಹೋದ್ರ ಹೋಗಲಿ, ಕಚೇರ್ಯಾಗ ನಿಂತು ಹೇಳತೇನಿ."

ಅಕಿ ಅಳಲಿಲ್ಲ. ಬಾಯಿಮ್ಯಾಲ ಬೆರಳಿಟ್ಟಳು.

"ಮೆಲ್ಲಕ ಮಾತಾಡೋ. ಈಗರ ಉಂಡು ಮಲಗ್ಯಾನ."

ಸುಳ್ಳಾದ್ರ ನನ್ನ ನಾಲಗಿ ಸೇದಿ ಹೋಗಲಿ, ಮಾವ ಸಾಯೂ ತನಕ ಇದನ್ನ ಹಿಂಗ ಹೇಳ್ಯಾನ. ಒಬ್ಬಾಕೇ ಇರೂ ಗುಡಸಲ. ಒಲಿ ಮುಂದ ಎರಡು ಗಂಗಾಳ ಇದ್ದುವು. ಎರಡರಾಗೂ ಕೈ ತೊಳದಿದ್ರು.